ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರಿರುತ್ತಾರೆ?

ನನ್ನ ಸೋದರಮಾವನಿಗೆ ಎಂಬತ್ತು ದಾಟಿದೆ. ಕೇರಳದ ಗಡಿನಾಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಕ್ಕಳಿಲ್ಲ, ಅತ್ತೆ ತೀರಿಕೊಂಡಿದ್ದಾರೆ. ಅವರಿಗಿರುವುದು ಆಲ್ಝೈಮರ್ ಕಾಯಿಲೆ ಎಂದು ಮಂಗಳೂರಿನ ನರರೋಗ ತಜ್ಞರು ಹೇಳಿದ ಮೇಲೂ ಬಹುಕಾಲ ತೋಟದ ಮನೆಯಲ್ಲೇ, ಒಬ್ಬ ಹೋಂ ನರ್ಸಿನ ನೆರವಿನಿಂದ, ನಾವು ಅಕ್ಕತಂಗಿಯರ ಮಕ್ಕಳೆಲ್ಲ ಸರದಿಯಂತೆ ಹೋಗಿಬಂದು ನೋಡಿಕೊಂಡೆವು. ಅವರ ರಾತ್ರಿಗಳು ಕೆಟ್ಟ ಮೇಲೆ ಆ ಏರ್ಪಾಡು ನಿಲ್ಲಲಿಲ್ಲ. ಮುಸ್ಸಂಜೆಯಾಗುತ್ತಲೇ "ಶಾಲೆಗೆ ಹೊತ್ತಾತು, ಎನ್ನ ಕೊಡೆ ಎಲ್ಲಿದ್ದು?" ಎಂದು ಹೊರಡಲು ಅನುವಾಗುವವರನ್ನು, ಸುತ್ತ ಕೆರೆ, ಬಾವಿ, ತೋಟದ ಕಣಿಗಳಿದ್ದು ಬೇಲಿಯೇ ಇಲ್ಲದ ಮನೆಯಲ್ಲಿ, ಹಗಲೆಲ್ಲ ದುಡಿದ ಒಬ್ಬನೇ ಮನುಷ್ಯ ರಾತ್ರಿಯೂ ಎಚ್ಚರವಿದ್ದು ಕಾಯುವುದು ಆಗದ ಮಾತು. "ಆಶ್ರಮಕ್ಕೆ ಹಾಕುತ್ತಾರಂತೆ" ಎಂದು ಊರಿನಲ್ಲಿ ಮಾತು ಹಬ್ಬಿತು. ಹಾಗೆ ಹೇಳಿದವರಲ್ಲಿ ಯಾರೂ ಒಂದು ರಾತ್ರಿಯ ಕಾವಲಿಗೆ ಬಂದವರಲ್ಲ ಎಂಬುದನ್ನಷ್ಟೇ ಬರೆದು ಮುಂದುವರಿಯುತ್ತೇನೆ.

ಹುಡುಕಾಟಕ್ಕೆ ಇಳಿದಾಗ ಮೊದಲು ತಿಳಿದದ್ದು, ವೃದ್ಧಾಶ್ರಮ ಬೇರೆ, ಡಿಮೆನ್ಷಿಯಾ (ಆಲ್ಝೈಮರ್‌ನಂಥ ಮರೆವಿನ ಕಾಯಿಲೆ) ಇರುವವರ ಆರೈಕೆಯ ಮನೆ ಬೇರೆ ಎಂಬುದು. ಬಹಳಷ್ಟು ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಮರೆವಿನ ಕಾಯಿಲೆ ಎಂದೊಡನೆ ಫೋನಿನಲ್ಲೇ ಇಲ್ಲವೆನ್ನುತ್ತವೆ. ಅದು ಪ್ರಾಮಾಣಿಕ ಉತ್ತರ. ಅಪಾಯವಿರುವುದು, ಯಾವ ಸಿದ್ಧತೆಯೂ ಇಲ್ಲದೆ "ನಾವು ಎಲ್ಲರನ್ನೂ ನೋಡಿಕೊಳ್ಳುತ್ತೇವೆ" ಎನ್ನುವ ಕಡೆ. ಆದ್ದರಿಂದ ಸಂಸ್ಥೆಯ ನೋಂದಣಿ ಯಾವ ಕಾಯಿದೆಯ ಅಡಿಯಲ್ಲಿದೆ ಎಂದು ಕೇಳುವುದು ಬರೀ ಕಾಗದಪತ್ರದ ಪ್ರಶ್ನೆಯಲ್ಲ. ಕೇರಳದ ವೃದ್ಧಾಶ್ರಮಗಳು ಸಾಮಾನ್ಯವಾಗಿ ಅನಾಥಾಲಯ ಮತ್ತು ಇತರ ಧರ್ಮಾರ್ಥ ಗೃಹಗಳ 1960ರ ಕೇಂದ್ರ ಕಾಯಿದೆಯಂತೆ ಆರ್ಫನೇಜ್ ಕಂಟ್ರೋಲ್ ಬೋರ್ಡಿನಲ್ಲಿ ನೋಂದಾಯಿಸಿಕೊಂಡಿರುತ್ತವೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನೆನಪು ಮತ್ತು ದಿಕ್ಕುದೆಸೆಗಳ ಅರಿವು ತೀವ್ರವಾಗಿ ಕೆಡುವುದನ್ನೂ ತನ್ನ ವ್ಯಾಖ್ಯೆಯೊಳಗೆ ತಂದಿದೆ; ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಈ ಪ್ರಶ್ನೆಗೆ ಮುಖ ಸಿಂಡರಿಸುವ ವ್ಯವಸ್ಥಾಪಕರನ್ನೂ, ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟವರನ್ನೂ ಕಂಡಿದ್ದೇವೆ. ಈ ವಿಷಯದಲ್ಲಿ ಕೇರಳಕ್ಕೆ ಅನುಭವವಿಲ್ಲವೆಂದಲ್ಲ. 1992ರಲ್ಲಿ ಆರಂಭವಾದ ಆಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದ್ದೇ ಈ ರಾಜ್ಯದಲ್ಲಿ, ಸರಕಾರದೊಡನೆ ಸೇರಿ ಅದು ರೂಪಿಸಿದ ಸ್ಮೃತಿಪಥಂ ಯೋಜನೆಯೂ ಇದೆ. ಆದರೆ ಅದರ ಕೇಂದ್ರಗಳು ತೃಶ್ಶೂರು, ಎರ್ನಾಕುಳಂ ಕಡೆಗೆ. ಬದಿಯಡ್ಕದವರಿಗೆ ಅದು ದೂರದ ನಾಡೇ ಸರಿ.

ಬೆಳಗ್ಗೆ ಹನ್ನೊಂದು ಗಂಟೆಗೆ ನೋಡಿದರೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಇರುತ್ತವೆ. ಸ್ನಾನ ಮುಗಿದಿರುತ್ತದೆ, ನೆಲ ಒರೆಸಿರುತ್ತದೆ, ವ್ಯವಸ್ಥಾಪಕರು ಕಚೇರಿಯಲ್ಲಿರುತ್ತಾರೆ, ಹಜಾರದಲ್ಲಿ ಭಜನೆಯ ಧ್ವನಿಮುದ್ರಣ ಕೇಳುತ್ತಿರುತ್ತದೆ. ಡಿಮೆನ್ಷಿಯಾ ಇರುವವರಲ್ಲಿ ಅನೇಕರಿಗೆ ಗೊಂದಲ, ಚಡಪಡಿಕೆ, ಸಿಟ್ಟು, ಹೊರಟುನಿಲ್ಲುವ ಹಂಬಲ ಹೆಚ್ಚಾಗುವುದು ಬೆಳಕು ಇಳಿಯುವ ಹೊತ್ತಿನಲ್ಲಿ. ಹಗಲಿನ ಸಿಬ್ಬಂದಿ ಮನೆಗೆ ಹೋಗಿ ರಾತ್ರಿಪಾಳಿಯವರು ಬರುವುದೂ ಅದೇ ಹೊತ್ತಿನಲ್ಲಿ. ಎಷ್ಟು ಜನರಿಗೆ ಎಷ್ಟು ಆರೈಕೆದಾರರು ಎಂದು ಕೇಳಿದರೆ ಒಂದು ಚಂದದ ಲೆಕ್ಕ ಸಿಗುತ್ತದೆ. ಅದರಲ್ಲಿ ಅಡುಗೆಯವರೂ ಚಾಲಕರೂ ಸೇರಿರಬಹುದು. ರಾತ್ರಿ ಎರಡು ಗಂಟೆಗೆ ಈ ಅಂತಸ್ತಿನಲ್ಲಿ ಎಚ್ಚರವಿರುವವರು ಯಾರು, ಅವರು ಮಲಗುವ ಹಕ್ಕಿರುವ ಪಾಳಿಯವರೇ, ಎಚ್ಚರವಿರಬೇಕಾದವರೇ ಎಂದು ಕೇಳಿದಾಗ ಉತ್ತರ ಬೇರೆಯಾಗುತ್ತದೆ. ಹಾಗಾಗಿ ನಾವು ಪಟ್ಟಿಯಲ್ಲಿ ಉಳಿದ ಕಡೆಗಳಿಗೆ ಹೇಳದೆ ಕೇಳದೆ ಸಂಜೆ ಹೋದೆವು. ಆ ಹೊತ್ತಿಗೆ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದು ಗೇಟಿನಲ್ಲೇ ತಡೆದ ಸಂಸ್ಥೆಯನ್ನು ಮುಂದೆ ಪರಿಗಣಿಸಲಿಲ್ಲ. ಅವರ ನಿಯಮಕ್ಕೆ ಕಾರಣವಿದ್ದೀತು. ನಮ್ಮ ಅಗತ್ಯಕ್ಕೆ ಅದು ಹೊಂದುವುದಿಲ್ಲ.

ಗಡಿನಾಡಿನವರಿಗೆ ಇದರೊಳಗೇ ಇನ್ನೊಂದು ಪ್ರಶ್ನೆಯಿದೆ: ಆ ಹೊತ್ತಿನಲ್ಲಿ ಅವರೊಡನೆ ಮಾತಾಡಬಲ್ಲವರು ಯಾರು? ಮಾವ ಕೇರಳ ಸರಕಾರದ ನೌಕರಿಯಲ್ಲಿದ್ದವರು, ಇಲಾಖೆಯ ಮಲಯಾಳ ಸುತ್ತೋಲೆಗಳನ್ನು ಓದಿ ಸಹೋದ್ಯೋಗಿಗಳಿಗೆ ಅರ್ಥ ಹೇಳುತ್ತಿದ್ದವರು. ಈಗ ಮಲಯಾಳದಲ್ಲಿ ಮಾತಾಡಿಸಿದರೆ ಎದುರಿನವರ ಬಾಯಿಯನ್ನೇ ನೋಡುತ್ತಾರೆ. ನಡುವಯಸ್ಸಿನಲ್ಲಿ ಕಲಿತ ಭಾಷೆ ಮೊದಲು ಹಿಂಜರಿದು, ಬಾಲ್ಯದ ಮಾತು ಹೆಚ್ಚು ಕಾಲ ಉಳಿಯುವುದು ಈ ಕಾಯಿಲೆಯಲ್ಲಿ ಅನೇಕರಲ್ಲಿ ಕಾಣುವಂಥದ್ದು. ಮಾವನಲ್ಲಿ ಉಳಿದಿರುವುದು ಮನೆಯ ಹವ್ಯಕ ಮಾತು, ತೋಟದ ಕೆಲಸದವರೊಡನೆ ಆಡುತ್ತಿದ್ದ ತುಳು, ಪಾಠದ ಕನ್ನಡ. ಮೂತ್ರಕ್ಕೆ ಹೋಗಬೇಕು ಎಂಬುದು ಅರ್ಥವಾಗದೆ ಹೋದರೆ ಬಟ್ಟೆ ಒದ್ದೆಯಾಗುತ್ತದೆ, ಬಟ್ಟೆ ಬದಲಿಸಲು ಬಂದ ಅಪರಿಚಿತನ ಮಾತು ಇವರಿಗೆ ಅರ್ಥವಾಗದಿದ್ದರೆ ಕೈ ಎತ್ತುತ್ತಾರೆ, ಅಲ್ಲಿಗೆ "ಆಕ್ರಮಣಕಾರಿ ವರ್ತನೆ" ಎಂದು ದಾಖಲೆಯಲ್ಲಿ ಬರೆಯಲಾಗುತ್ತದೆ. ಕಾಸರಗೋಡಿನ ದಕ್ಷಿಣಕ್ಕೆ ನಾವು ನೋಡಿದ ಸಂಸ್ಥೆಯ ಶುಚಿತ್ವ, ತರಬೇತಿ, ದಾಖಲೆ ಎಲ್ಲವೂ ಉತ್ತಮ, ಆದರೆ ಕನ್ನಡ ಬಲ್ಲವರಿಲ್ಲ. ಹಾಗಾದರೆ ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಮಸ್ಯೆ ತೀರಿತು ಎಂದು ಬಂಧುಗಳು ಹೇಳಿದರು. ಮಂಗಳೂರಿನ ಕಡೆಯ ಒಂದು ಮನೆಯಲ್ಲಿ ಕಚೇರಿಯವರು ಕನ್ನಡಿಗರು, ರಾತ್ರಿಪಾಳಿಯವರು ದೂರದ ರಾಜ್ಯಗಳಿಂದ ಬಂದ ಹುಡುಗರು. ಸೌಮ್ಯ ಸ್ವಭಾವದ ಮಕ್ಕಳೇ, ಆದರೆ ಆಡುವುದು ಹಿಂದಿ. ಗಡಿಯ ಈಚೆಗಿರುವ ಮತ್ತೊಂದರಲ್ಲಿ ಕುಂಬಳೆಯಲ್ಲಿ ಬೆಳೆದ ಮಲಯಾಳಿ ಆರೈಕೆದಾರರೊಬ್ಬರು ಮಾವನ ಫೋಟೋ ನೋಡಿ ತುಳುವಿನಲ್ಲಿ ಅವರ ವಿಚಾರ ಕೇಳತೊಡಗಿದರು. ಯಾವ ರಾಜ್ಯ ಎಂಬುದಕ್ಕಿಂತ ಯಾವ ಪಾಳಿಯಲ್ಲಿ ಯಾರು ಎಂಬುದೇ ನಮಗೆ ಮುಖ್ಯವಾಯಿತು.

ಮಾತಿನಿಂದ ಸಮಾಧಾನಪಡಿಸಲಾಗದ ಕಡೆ ಮಾತ್ರೆ ಬರುತ್ತದೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಇತ್ಯಾದಿ ಔಷಧಗಳು ಮನೋವಿಕಾರಗಳ ಚಿಕಿತ್ಸೆಗೆಂದು ಬಂದವು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಈ ವರ್ಗದ ಹೊಸ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತ್ಯಂತ ಗಂಭೀರ ಸ್ವರೂಪದ ಎಚ್ಚರಿಕೆ ನೀಡಿತು, 2008ರಲ್ಲಿ ಅದನ್ನು ಹಳೆಯ ಔಷಧಗಳಿಗೂ ವಿಸ್ತರಿಸಿತು. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗಂತೂ ಹ್ಯಾಲೊಪೆರಿಡಾಲ್ ತೀವ್ರ ತೊಂದರೆ ಕೊಡಬಹುದು. ಇವು ಎಂದೂ ಬೇಡ ಎಂಬ ವಾದ ನನ್ನದಲ್ಲ. ತನಗೋ ಇತರರಿಗೋ ಅಪಾಯವಾಗುವಂತಿದ್ದಾಗ ವೈದ್ಯರು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲಕ್ಕೆ ಕೊಡುವುದುಂಟು. ಆದರೆ ನಿರ್ಧಾರ ವೈದ್ಯರದೋ, ರಾತ್ರಿ ಒಬ್ಬಂಟಿಯಾಗಿರುವ ಸಹಾಯಕನದೋ? "ಅಗತ್ಯವಿದ್ದರೆ ಕೊಡಿ" ಎಂದು ಬರೆದ ಚೀಟಿಯಿಂದ ಎಷ್ಟು ಸಲ ಕೊಟ್ಟರು ಎಂಬ ದಾಖಲೆಯುಂಟೋ? ಸಂಜೆ ಏಳಕ್ಕೇ ಎಲ್ಲರೂ ಗಾಢನಿದ್ದೆಯಲ್ಲಿರುವ ಕೋಣೆಯನ್ನು ಶಾಂತಿಯೆಂದು ಮೆಚ್ಚದೆ ಔಷಧದ ಪಟ್ಟಿ ತೋರಿಸಿ ಎಂದು ಕೇಳಬೇಕು. ಇನ್ನೊಂದು ಮಾತೂ ಇದಕ್ಕೆ ಸೇರಿದ್ದು: ನಿನ್ನೆಯವರೆಗೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಕಂಗೆಟ್ಟರೆ ಮೂತ್ರದ ಸೋಂಕು, ಮಲಬದ್ಧತೆ, ನೋವು, ಹೊಸ ಔಷಧ ಇವುಗಳಲ್ಲೊಂದು ಕಾರಣವಿರಬಹುದು. ಅಂಥ ದಿನ ನೀವೇನು ಮಾಡುತ್ತೀರಿ ಎಂಬ ಪ್ರಶ್ನೆಗೆ "ಮೊದಲು ಜ್ವರ ನೋಡುತ್ತೇವೆ, ಮೂತ್ರ ಪರೀಕ್ಷೆಗೆ ಕಳುಹಿಸುತ್ತೇವೆ" ಎಂದ ನರ್ಸಮ್ಮನ ಮೇಲೆ ನನಗೆ ಹುಟ್ಟಿದ ವಿಶ್ವಾಸ ಯಾವ ಬಣ್ಣದ ಕೈಪಿಡಿಯಿಂದಲೂ ಹುಟ್ಟಲಿಲ್ಲ.

ಕಟ್ಟಿಹಾಕುವ ಬಗ್ಗೆಯೂ ನೇರವಾಗಿಯೇ ಕೇಳಿದೆವು. ಕುರ್ಚಿಗೆ ಸೀರೆಯ ಪಟ್ಟಿಯಿಂದ ಸೊಂಟ ಬಿಗಿದು ಕೂರಿಸಿದ್ದನ್ನು ಒಂದು ಕಡೆ ಕಣ್ಣಾರೆ ಕಂಡೆ. ಬೀಳದಿರಲೆಂದು ಎಂಬ ಸಮಜಾಯಿಷಿ ಬಂತು. 2017ರ ಕಾಯಿದೆಯ 97ನೆಯ ಕಲಮಿನಂತೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟೇ ಹೊತ್ತು ಮಾತ್ರ ದೈಹಿಕ ನಿರ್ಬಂಧ ಸಲ್ಲುತ್ತದೆ. ರೋಗಿಯ ಪರವಾಗಿ ಹೆಸರಿಸಲಾದ ವ್ಯಕ್ತಿಗೆ, ಅಂದರೆ ನಾಮನಿರ್ದೇಶಿತ ಪ್ರತಿನಿಧಿಗೆ, ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಬೇಕು. ದಿನವೂ ಬಿಗಿಯುವ ಪಟ್ಟಿಗೆ ಇದರಲ್ಲಿ ಜಾಗವಿಲ್ಲ. ನಡೆಯುವ ಹಂಬಲವಿರುವವರಿಗೆ ಬೇಕಾದದ್ದು ಆವರಣವಿರುವ, ಸುತ್ತಿ ಬಂದರೆ ಮತ್ತೆ ಹೊರಟಲ್ಲಿಗೇ ತಲುಪುವ ಅಂಗಳ.

ಕಟ್ಟಡದ ಮಿಕ್ಕ ವಿಷಯಕ್ಕೆ ನಾನು ಹೆಚ್ಚು ಅಂಕ ಕೊಡುವುದಿಲ್ಲ. ಹೊಳೆಯುವ ಟೈಲ್ಸ್ ಒದ್ದೆಯಿದ್ದಂತೆ ಕಂಡು ಹೆಜ್ಜೆ ತಡೆಯುತ್ತದೆ, ಕಪ್ಪು ಕಾಲೊರಸು ಹೊಂಡದಂತೆ ಕಾಣಬಹುದು, ಬಿಳಿ ಗೋಡೆಯೆದುರಿನ ಬಿಳಿ ಕಮೋಡು ಕಣ್ಣಿಗೆ ಸಿಗುವುದೇ ಇಲ್ಲ. ಫಿನಾಯಿಲಿನ ಕಟುವಾಸನೆ ಸದಾ ಇದ್ದರೆ ಅದರಡಿ ಇನ್ನೊಂದು ವಾಸನೆಯಿದೆಯೆಂದು ತಿಳಿಯಬೇಕು.

ಊಟದ ವಿಷಯದಲ್ಲಿ ನಮ್ಮವರೆಲ್ಲ ಮೊದಲು ಕೇಳಿದ್ದು ಸಸ್ಯಾಹಾರಕ್ಕೆ ಬೇರೆ ಪಾತ್ರೆಯುಂಟೋ ಎಂದು. ಮಾವನ ಜೀವಮಾನದ ನಿಷ್ಠೆ ಅವರಿಗೆ ಮರೆತುಹೋಯಿತೆಂದು ನಾವು ಅದನ್ನು ಮುರಿಯುವುದು ಸರಿಯಲ್ಲ, ಆದ್ದರಿಂದ ಆ ಪ್ರಶ್ನೆ ಅಗತ್ಯವೇ. ಆದರೆ ಅದಕ್ಕಿಂತ ದೊಡ್ಡದು, ಉಣಿಸುವುದು ಹೇಗೆ ಎಂಬುದು. ಕಾಯಿಲೆ ಮುಂದುವರಿದಂತೆ ಅಗಿಯುವುದು, ನುಂಗುವುದು ನಿಧಾನವಾಗುತ್ತದೆ. ಅವಸರದಲ್ಲಿ ತುರುಕಿದ ತುತ್ತು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದು ಇಂಥವರ ಸಾವಿಗೆ ಸಾಮಾನ್ಯ ಕಾರಣಗಳಲ್ಲೊಂದು. ಕುಚ್ಚಿಲಕ್ಕಿ ಗಂಜಿಯನ್ನು ನುಣ್ಣಗೆ ಮಾಡಿ, ನೆಟ್ಟಗೆ ಕೂರಿಸಿ, ಒಂದು ಚಮಚ ಇಳಿದ ಮೇಲೆ ಇನ್ನೊಂದು ಎಂಬಂತೆ ಉಣಿಸಲು ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಬಹುದು. ಅಷ್ಟು ಸಮಯ ಸಿಬ್ಬಂದಿಗೆ ಇದೆಯೇ ಎಂದು ತಿಳಿಯಲು ರಾತ್ರಿಯೂಟದ ಹೊತ್ತಿಗೆ ಅಲ್ಲಿ ಕುಳಿತು ನೋಡಬೇಕು. ಮೂಗಿನ ನಳಿಕೆಯನ್ನು ಬೇಗ ಹಾಕಿಸುವ ಸಂಸ್ಥೆಗಳಿವೆ, ಕೆಲಸ ಹಗುರಾಗುತ್ತದೆ. ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ನಳಿಕೆಯ ಆಹಾರವನ್ನು ಅಮೆರಿಕದ ವೃದ್ಧವೈದ್ಯರ ಸಂಘ 2014ರಲ್ಲಿ ಶಿಫಾರಸು ಮಾಡಲಿಲ್ಲ. ಕಾಳಜಿಯಿಂದ ಕೈಯಾರೆ ಉಣಿಸುವುದೇ ಮೇಲೆಂದಿತು. ನಮ್ಮನ್ನು ಕೇಳದೆ ನಳಿಕೆ ಹಾಕಬಾರದು ಎಂದು ನಾವು ಲಿಖಿತವಾಗಿ ಕೊಟ್ಟಿದ್ದೇವೆ.

ರಾತ್ರಿ ಆಸ್ಪತ್ರೆ ಬೇಕಾದರೆ ಯಾವ ದಿಕ್ಕಿಗೆ ಎಂಬುದು ನಮ್ಮ ಜಿಲ್ಲೆಯ ಹಳೆಯ ಪ್ರಶ್ನೆ. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದರೂ ಅದು 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯುವವರೆಗೆ ರೋಗಿಗಳಿಗೆ ಒದಗಲಿಲ್ಲ. ಅದಕ್ಕೆ ಕೆಲವೇ ದಿನ ಮೊದಲು ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತ್ತು, ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದ್ದವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಮಾವನನ್ನು ಗಡಿಯಾಚೆ ಇರಿಸಿದರೆ ಆಸ್ಪತ್ರೆ ಹತ್ತಿರ, ನಾವು ದೂರ. ಈಚೆ ಇರಿಸಿದರೆ ನಾವು ಹತ್ತಿರ, ಆಸ್ಪತ್ರೆ ದೂರ. ಅಂಥ ದಿನಗಳು ಮತ್ತೆ ಬಾರದಿರಬಹುದು, ಆದರೆ ಅದನ್ನು ಕಂಡವರು ಲೆಕ್ಕಕ್ಕೆ ಹಿಡಿಯದೆ ಇರಲಾರರು. ನಾನು ಈಚೆಯ ಪಕ್ಷ ವಹಿಸಿದೆ, ದೊಡ್ಡಮ್ಮನ ಮಗ ಅಣ್ಣ ಆಚೆಯ ಪಕ್ಷ.

ಸಹಿ ಹಾಕುವವರು ಯಾರು ಎಂಬಲ್ಲಿ ಮತ್ತೆ ತಡವಾಯಿತು. ಮಾವ ಹಿಂದೆ ಅಣ್ಣನ ಹೆಸರಿಗೆ ಮುಕ್ತ್ಯಾರುನಾಮೆ ಬರೆದುಕೊಟ್ಟಿದ್ದರು. ಕೊಟ್ಟವರ ಬುದ್ಧಿಸ್ತಿಮಿತ ತಪ್ಪಿದರೆ ಅಂಥ ಅಧಿಕಾರ ಕೊನೆಗೊಳ್ಳುತ್ತದೆ ಎಂದು 1872ರ ಕರಾರು ಕಾಯಿದೆಯ 201ನೆಯ ಕಲಮು ಹೇಳುತ್ತದೆ ಎಂದು ವಕೀಲರು ತಿಳಿಸಿದ ಮೇಲೆ ಅದನ್ನು ಬದಿಗಿಟ್ಟೆವು. ಮಕ್ಕಳಿಲ್ಲದ ಹಿರಿಯರ ಆಸ್ತಿಗೆ ವಾರಸುದಾರರಾಗುವ ಬಂಧುಗಳ ಮೇಲೆ ಅವರ ಪೋಷಣೆಯ ಹೊಣೆಯನ್ನು 2007ರ ಹಿರಿಯ ನಾಗರಿಕರ ಕಾಯಿದೆ ಹೊರಿಸಿದೆ. ಇದನ್ನು ಬಂಧುಗಳ ಸಭೆಯಲ್ಲಿ ಓದಿ ಹೇಳಿದಾಗ ಖರ್ಚಿನ ಪಾಲಿನ ಚರ್ಚೆ ಬೇಗ ಮುಗಿಯಿತು. ಪಿಂಚಣಿಗೆ ವರ್ಷಕ್ಕೊಮ್ಮೆ ಮಸ್ಟರಿಂಗ್, ಅಂದರೆ ಪಿಂಚಣಿದಾರರು ಬದುಕಿದ್ದಾರೆಂಬ ದೃಢೀಕರಣ, ಆಗಬೇಕು. ಬೆರಳಚ್ಚು ಸವೆದ, ಯಂತ್ರ ಕಂಡರೆ ಸಿಡುಕುವ ಮಾವನಿಗೆ ಅದನ್ನು ಸಂಸ್ಥೆಯಲ್ಲೇ ಮಾಡಿಸಲು ಅವಕಾಶ ಕೊಡುವಿರಾ ಎಂಬುದನ್ನೂ ಕೇಳಿಕೊಂಡೆವು.

ಕೊನೆಗೆ ಆಯ್ಕೆಯಾದದ್ದು ಗಡಿಯ ಈಚೆಗಿನ, ತುಳು ಬಲ್ಲ ಆರೈಕೆದಾರರಿರುವ ಸಾಧಾರಣ ಕಟ್ಟಡದ ಮನೆ. ಅವರ ಅಚ್ಚು ಹಾಕಿದ ಕರಾರಿನಲ್ಲಿ, ನಡವಳಿಕೆ ನಿಭಾಯಿಸಲಾಗದಿದ್ದರೆ ಒಂದು ದಿನದೊಳಗೆ ಕರೆದೊಯ್ಯಬೇಕು ಎಂದಿತ್ತು. ಅದನ್ನು ಒಂದು ತಿಂಗಳಿಗೆ ಏರಿಸಿ, ಮೊದಲು ವೈದ್ಯರ ಪರೀಕ್ಷೆಯಾಗಬೇಕು ಎಂದು ಸೇರಿಸಿದ್ದಾರೆ. ಡಯಾಪರ್, ಔಷಧ, ಆಸ್ಪತ್ರೆಯಲ್ಲಿ ಜೊತೆಗಿರುವವರ ಕೂಲಿ ಮಾಸಿಕ ಶುಲ್ಕದ ಹೊರಗೆ ಎಂಬುದು ಸ್ಪಷ್ಟವಾಗಿದೆ. ಸಂಜೆಯ ಭೇಟಿಗೆ ಅಡ್ಡಿಯಿಲ್ಲ, ಎಂಟು ಗಂಟೆಯ ಮೇಲಾದರೆ ಮುಂಚೆ ಫೋನ್ ಮಾಡಬೇಕು, ಗೇಟು ತೆರೆಯುವವರು ಬೇರೆ ಎಂದರು. ಕಾಯಿಲೆ ಹೆಚ್ಚಾದಂತೆ ಶುಲ್ಕ ಎಷ್ಟು ಏರಬಹುದು ಎಂಬ ಕಲಮಿನ ಬಗ್ಗೆ ಮಾತುಕತೆ ಇನ್ನೂ ನಡೆದಿದೆ.