ಊರಿನ ಪಾಸಿಂಗ್ ಇರುವ ಹಳೇ ಕಾರನ್ನು ಪುಣೆಯಲ್ಲೇ ಸ್ಕ್ರ್ಯಾಪ್ ಮಾಡಿಸಬಹುದೇ?

ಪುಣೆಯ ಕನ್ನಡಿಗರು ನಮ್ಮನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಕೆಎ 22 ಇಲ್ಲವೇ ಕೆಎ 25 ನಂಬರಿನ ಹಳೇ ಕಾರು ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಂತೇ ಇದೆ. ಸರ್ಕಾರದ ಸ್ಕ್ರ್ಯಾಪ್ ಯೋಜನೆಗೆ ಇಲ್ಲೇ ಕೊಟ್ಟು ಹೊಸ ಕಾರಿಗೆ ರಿಯಾಯಿತಿ ಪಡೆಯಬಹುದಾ? ಬೆಳಗಾವಿ, ಹುಬ್ಬಳ್ಳಿಗೆ ಒಯ್ಯಬೇಕಾ?"

ಒಯ್ಯಬೇಕಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಯಾವ ರಾಜ್ಯದ ಗಾಡಿಯನ್ನಾದರೂ ದೇಶದ ಯಾವುದೇ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಬಹುದು. ಇದಕ್ಕಾಗಿ ಮೊದಲು ಎಂಎಚ್ ನಂಬರ್ ಮಾಡಿಸುವ ಖರ್ಚು ಬೇಡ.

ಇನ್ನು, 15 ವರ್ಷ ತುಂಬಿತೆಂದು ಹೆದರಿ ಕೊಡಬೇಡಿ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಕಟ್ಟಪ್ಪಣೆ ದೆಹಲಿ ಸುತ್ತಮುತ್ತಲಿನದು. ಇಲ್ಲಿ ಗಾಡಿ ಗಟ್ಟಿಯಿದ್ದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬಹುದು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೆ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ಯಾಟರಿ ಸತ್ತಿರುತ್ತದೆ, ಟೈರ್ ಬಿರುಕು ಬಿಟ್ಟಿರುತ್ತದೆ, ಬ್ರೇಕ್ ಜಾಮ್ ಆಗಿರುತ್ತದೆ, ಪೆಟ್ರೋಲ್ ಕೆಟ್ಟು ಅಂಟಾಗಿರುತ್ತದೆ. ಇಷ್ಟೂ ರಿಪೇರಿ ಮಾಡಿಸುವ ಬದಲು ಸ್ಕ್ರ್ಯಾಪ್ ಮಾಡಿಸುವುದೇ ಲೇಸು.

ಅರ್ಜಿ ಆನ್‌ಲೈನ್. ಸಿಕ್ಕಿಕೊಳ್ಳುವುದೂ ಅಲ್ಲೇ. ಸಾಲದ ನಮೂದು, ಪೊಲೀಸ್ ದಾಖಲೆ, ಬಾಕಿ ಹಣ, ಆರ್‌ಟಿಒದ ಕಪ್ಪುಪಟ್ಟಿ, ಈ ನಾಲ್ಕರಲ್ಲಿ ಒಂದಿದ್ದರೂ ಸರ್ಕಾರದ ಗಾಡಿ ನೋಂದಣಿ ದಾಖಲೆಗಳಿರುವ 'ವಾಹನ್' ಎಂಬ ಆನ್‌ಲೈನ್ ವ್ಯವಸ್ಥೆ ಅರ್ಜಿಯನ್ನು ಮುಂದೆ ಬಿಡುವುದಿಲ್ಲ. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ತೆಗೆದುಕೊಂಡು, ಮೊದಲು ಆ ಹೆಸರನ್ನು ತೆಗೆಸಿ. ಕರ್ನಾಟಕದ ಹಳೇ ಚಲನ್‌ಗಳನ್ನೂ ನೋಡಿಕೊಳ್ಳಿ. ಗಾಡಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರದ ಜೊತೆಗೆ ವಾರಸುದಾರಿಕೆಯ ಕಾಗದವೂ ಬೇಕು.

ಬೆಲೆ ಕಟ್ಟುವುದು ಹೆಚ್ಚಾಗಿ ತೂಕದ ಮೇಲೆ. ಮಾರುತಿ 800 ಇಡಿಯಾಗಿ ತೂಗಿದರೂ ಸುಮಾರು 650 ಕಿಲೋ. ಅದಕ್ಕೆ ತಕ್ಕಷ್ಟೇ ನಿರೀಕ್ಷೆ ಇಟ್ಟುಕೊಳ್ಳಿ. ಬ್ಯಾಟರಿ, ಕ್ಯಾಟಲಿಟಿಕ್ ಕನ್ವರ್ಟರ್ (ಕಾರಿನ ಅಡಿಯಲ್ಲಿ ಹೊಗೆ ಶುದ್ಧಗೊಳಿಸುವ ಭಾಗ) ಇಲ್ಲದಿದ್ದರೆ ದರ ಇಳಿಸುತ್ತಾರೆ. ಕನ್ವರ್ಟರ್‌ನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಅದನ್ನು ಬಿಚ್ಚಿ ಮಾರುವವರಿದ್ದಾರೆ. ಗಾಡಿ ಒಪ್ಪಿಸುವ ಮುನ್ನ ಕೆಳಗಿನಿಂದಲೂ ಫೋಟೊ ತೆಗೆದಿಡಿ. ಟೋಯಿಂಗ್ ಖರ್ಚು ಯಾರದು ಎಂಬುದು ಬರಹದಲ್ಲಿರಲಿ.

ಒಪ್ಪಿಸಿದಾಗ ಸಿಗುವುದು ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಅಂದರೆ ಸಿಡಿ. ಕಾರು ಒಡೆದ ಮೇಲೆ ಬರುವುದು ಸ್ಕ್ರ್ಯಾಪಿಂಗ್ ಸರ್ಟಿಫಿಕೇಟ್. ರಿಯಾಯಿತಿಗೆ ಬೇಕಾದದ್ದು ಸಿಡಿ. ಹೊಸ ಕಾರಿನ ನೋಂದಣಿ ಮುಗಿಯುವ ಮೊದಲೇ ಅದು ಡೀಲರ್ ಕೈಯಲ್ಲಿರಬೇಕು. ಹಬ್ಬದ ಡೆಲಿವರಿಯ ಅವಸರದಲ್ಲಿ ಜನ ತಪ್ಪುವುದು ಇಲ್ಲೇ. ಸಿಡಿ ಇದ್ದರೆ ನೋಂದಣಿ ಶುಲ್ಕ ಮಾಫಿ. ರಸ್ತೆ ತೆರಿಗೆಯಲ್ಲಿ ಖಾಸಗಿ ಗಾಡಿಗೆ ಶೇ. 25ರವರೆಗೆ ಕಡಿತಕ್ಕೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ, ಆದರೆ ಎಷ್ಟೆಂದು ತೀರ್ಮಾನಿಸುವುದು ರಾಜ್ಯ. 2024ರ ಆಗಸ್ಟ್‌ನಲ್ಲಿ ಹಲವು ಕಾರು ಕಂಪನಿಗಳು ಹಿಂದಿನ 6 ತಿಂಗಳೊಳಗೆ ಸ್ಕ್ರ್ಯಾಪ್ ಆದ ಗಾಡಿಗೆ ಹೊಸ ಕಾರಿನ ಎಕ್ಸ್-ಶೋರೂಂ ಬೆಲೆಯ ಶೇ. 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ರಿಯಾಯಿತಿಗೆ ಒಪ್ಪಿದ್ದವು. ಈಗ ನಿಮ್ಮ ಮಾಡೆಲ್‌ಗೆ ಅದು ಇದೆಯೇ ಎಂಬುದನ್ನು ಕೊಟೇಶನ್‌ನಲ್ಲೇ ಬರೆಸಿ. ಹಳೇ ಕಾರನ್ನು ಡೀಲರ್‌ಗೇ ಕೊಟ್ಟರೆ ಸಿಗುವ ಎಕ್ಸ್‌ಚೇಂಜ್ ಬೋನಸ್ ಬೇರೆ, ಸ್ಕ್ರ್ಯಾಪ್ ರಿಯಾಯಿತಿ ಬೇರೆ. ಎರಡೂ ಸಿಗುತ್ತವೆಂದು ಲೆಕ್ಕ ಹಾಕಬೇಡಿ. ಎಕ್ಸ್‌ಚೇಂಜ್‌ನಲ್ಲಿ ಹೋದ ಕಾರನ್ನು ಇನ್ನೊಬ್ಬರಿಗೆ ಮಾರಬಹುದು, ಹಾಗಾಗಿ ಆರ್‌ಸಿ ವರ್ಗಾವಣೆಯಾಗುವವರೆಗೆ ಬೆನ್ನು ಹತ್ತಿ.

ನೂರಿನ್ನೂರು ಹೆಚ್ಚು ಸಿಗುತ್ತದೆಂದು ಗುಜರಿಯವನಿಗೆ ಮಾತ್ರ ಕೊಡಬೇಡಿ. ಕಾರು ಚೂರಾದರೂ ನೋಂದಣಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆ ನಂಬರ್ ಪ್ಲೇಟ್ ಬೇರೆ ಗಾಡಿ ಏರಿದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿನದಲ್ಲ, ಮಾಲೀಕರದು. ಪಾಲಿಸಿ ಚಾಲ್ತಿಯಲ್ಲಿದ್ದರೆ ಗಾಡಿ ಒಪ್ಪಿಸಿದ ಮೇಲೆ ವಿಮಾ ಕಂಪನಿಯಿಂದ ಅದರ ಪತ್ರ ಕೇಳಿ ಪಡೆದು ಹೊಸ ಕಾರಿನ ಪಾಲಿಸಿಗೆ ಹಾಕಿಸಿ. ಪಾಲಿಸಿ ಮುಗಿದು 90 ದಿನ ದಾಟಿದ್ದರೆ ಅದು ಹೋಯಿತು. ಹಳೇ ಫಾಸ್ಟ್ಯಾಗ್ ಮುಚ್ಚಿಸಿ, ಅದರಲ್ಲುಳಿದ ಹಣ ವಾಪಸ್ ಪಡೆಯಿರಿ.