ಹೋಟೆಲ್ ಅಡುಗೆಮನೆಯ ಗ್ಯಾಸ್ ಕಟ್-ಆಫ್: ಕರೆಂಟ್ ಹೋಗಿ ಬರುವ ಊರಿಗೆ ಯಾವುದು ಸರಿ

ಮಿರ್ಚಿ ಕರಿಯುವ ಬಾಣಲೆಗೆ ಬೆಂಕಿ ಹತ್ತಿದಾಗ ಒಲೆಗಳ ಮೇಲೆ ಹೊಗೆ ಎಳೆಯುವ ಹುಡ್‌ನಲ್ಲಿ ಕೂರಿಸಿದ ಬೆಂಕಿ ಆರಿಸುವ ವ್ಯವಸ್ಥೆಯ ನಾಜಲ್‌ಗಳಿಂದ ಸುರಿಯುವ ದ್ರಾವಣ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಪೊಟ್ಯಾಸಿಯಮ್ ಲವಣಗಳ ಆ ದ್ರಾವಣ ಕಾದ ಎಣ್ಣೆಗೆ ಸೇರಿ ಸೋಪಿನ ನೊರೆಯಾಗಿ ಮೇಲೆ ಹರಡಿಕೊಂಡು ಗಾಳಿ ತಡೆಯುತ್ತದೆ. ಕೆಳಗೆ ಭಟ್ಟಿ ಉರಿಯುತ್ತಲೇ ಇದ್ದರೆ ಆ ನೊರೆ ಬಹಳ ಹೊತ್ತು ನಿಲ್ಲುವುದಿಲ್ಲ. ಅಡುಗೆ ಎಣ್ಣೆ ಸುಮಾರು 360 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ, ಅಷ್ಟರಲ್ಲಿ ದ್ರಾವಣದ ಟ್ಯಾಂಕ್ ಖಾಲಿಯಾಗಿರುತ್ತದೆ. ಅದಕ್ಕೇ ಹೋಟೆಲ್ ಅಡುಗೆಮನೆಗಳ ಬೆಂಕಿ ಸುರಕ್ಷತೆಗೆಂದು ಇರುವ ಅಮೆರಿಕದ ಎನ್‌ಎಫ್‌ಪಿಎ 96 ಮಾನದಂಡ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ: ವ್ಯವಸ್ಥೆ ಚಾಲೂ ಆದೊಡನೆ ಅದರ ಕೆಳಗಿನ ಎಲ್ಲ ಒಲೆಗಳ ಗ್ಯಾಸ್, ಕರೆಂಟ್ ಎರಡೂ ತಾವಾಗಿಯೇ ಕಡಿತವಾಗಬೇಕು, ಮತ್ತೆ ತೆರೆಯುವುದು ಮಾತ್ರ ಮನುಷ್ಯರ ಕೈಯಿಂದಲೇ ಆಗಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳದ ಅಡುಗೆಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಈ ಎರಡನೇ ಮಾತಿನಲ್ಲಿ.

ಗ್ಯಾಸ್ ವಾಲ್ವ್‌ನಲ್ಲಿ ಎರಡು ಬಗೆ. ಮೊದಲನೆಯದು ಮೆಕ್ಯಾನಿಕಲ್: ಒಳಗಿನ ಸ್ಪ್ರಿಂಗ್ ಸದಾ ಮುಚ್ಚಲು ನೋಡುತ್ತಿರುತ್ತದೆ, ವ್ಯವಸ್ಥೆಯನ್ನು ಚಾಲೂ ಮಾಡುವ ಕಂಟ್ರೋಲ್ ಬಾಕ್ಸ್‌ನಿಂದ ಬಂದ ಸ್ಟೀಲ್ ಕೇಬಲ್ ಅದನ್ನು ಎಳೆದು ತೆರೆದಿಟ್ಟಿರುತ್ತದೆ. ಹುಡ್‌ನೊಳಗಿನ ಫ್ಯೂಸಿಬಲ್ ಲಿಂಕ್, ಅಂದರೆ ನಿಗದಿತ ತಾಪಕ್ಕೆ ಕರಗಿ ಬಿಡುವ ಲೋಹದ ಕೊಂಡಿ, ಕರಗಿದರೆ ಬಾಕ್ಸ್ ಬಿಟ್ಟುಕೊಳ್ಳುತ್ತದೆ, ಕೇಬಲ್ ಸಡಿಲವಾಗುತ್ತದೆ, ವಾಲ್ವ್ ಟಕ್ಕನೆ ಮುಚ್ಚುತ್ತದೆ. ಕರೆಂಟಿನ ಹಂಗಿಲ್ಲ. ಎರಡನೆಯದು ಸೊಲೆನಾಯ್ಡ್: ಕಾಯಿಲ್‌ಗೆ ಕರೆಂಟ್ ಇರುವವರೆಗೆ ತೆರೆದಿರುತ್ತದೆ, ಬಾಕ್ಸ್‌ನ ಮೈಕ್ರೋಸ್ವಿಚ್ ಕರೆಂಟ್ ಕಡಿದರೆ ಮುಚ್ಚುತ್ತದೆ. ಕೊಳ್ಳುವಾಗ ‘ನಾರ್ಮಲಿ ಕ್ಲೋಸ್ಡ್’, ಅಂದರೆ ಕರೆಂಟ್ ಇಲ್ಲದಾಗ ಮುಚ್ಚಿರುವುದು, ಎಂದು ಖಚಿತ ಮಾಡಿಕೊಳ್ಳಿ. ಮುಚ್ಚುವುದಕ್ಕೇ ಕರೆಂಟ್ ಬೇಡುವ ವಾಲ್ವ್ ಇದ್ದರೆ, ಬೆಂಕಿ ಕಂಡವರು ಮೊದಲು ಮೇನ್ ಆಫ್ ಮಾಡುತ್ತಾರೆ, ಗ್ಯಾಸ್ ಹರಿಯುತ್ತಲೇ ಇರುತ್ತದೆ.

ಸೊಲೆನಾಯ್ಡ್ ಇದ್ದಲ್ಲಿ ಕರೆಂಟ್ ಹೋದಾಗಲೆಲ್ಲ ಒಲೆ ಆರುತ್ತದೆ, ಜನರೇಟರ್ ಹಿಡಿಯುವ ಕೆಲವೇ ಸೆಕೆಂಡುಗಳ ಅಂತರದಲ್ಲೂ ಆರುತ್ತದೆ. ಬಟನ್ ಒತ್ತಿದ ಮೇಲೆಯೇ ಮತ್ತೆ ಕರೆಂಟ್ ಬಿಡುವ ಮ್ಯಾನುಯಲ್ ರೀಸೆಟ್ ರಿಲೇ ಇಲ್ಲದಿದ್ದರೆ ಕರೆಂಟ್ ಬಂದ ತಕ್ಷಣ ವಾಲ್ವ್ ತಾನೇ ತೆರೆದು, ಆರಿದ ಒಲೆಗಳಿಂದ ಹಸಿ ಗ್ಯಾಸ್ ಹೊರಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳಿ ಚರಂಡಿ ಜಾಲರಿಯ ಕಡೆ ಹೋಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ರಿಲೇ ಇದ್ದರೆ ಇನ್ನೊಂದು ತಾಪತ್ರಯ: ಊಟದ ಹೊತ್ತಿನಲ್ಲಿ ಪದೇ ಪದೇ ಬಟನ್ ಒತ್ತಿ ಬೇಸತ್ತವರು ವಾಲ್ವ್ ಪಕ್ಕದಲ್ಲಿ ಬೈಪಾಸ್ ಪೈಪ್ ಹಾಕಿಸಿಬಿಡುತ್ತಾರೆ. ಅಲ್ಲಿಗೆ ಇಡೀ ವ್ಯವಸ್ಥೆ ಗೋಡೆಯ ಅಲಂಕಾರ.

ನಮ್ಮ ಭಾಗದ ಖಾನಾವಳಿ, ಹೋಟೆಲುಗಳಿಗೆ ಮೆಕ್ಯಾನಿಕಲ್ ವಾಲ್ವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಸೊಲೆನಾಯ್ಡ್ ಇದ್ದರೆ ಆ ಸರ್ಕ್ಯೂಟ್‌ಗೆ ಮಾತ್ರ ಸಣ್ಣ ಯುಪಿಎಸ್ ಕೊಡಿ. ಆದರೆ ವೈರಿಂಗ್ ಕ್ರಮ ತಪ್ಪಬಾರದು: ಮೊದಲು ಯುಪಿಎಸ್, ಆಮೇಲೆ ಮೈಕ್ರೋಸ್ವಿಚ್, ಆಮೇಲೆ ರೀಸೆಟ್ ರಿಲೇ, ಕೊನೆಗೆ ಕಾಯಿಲ್. ಮೈಕ್ರೋಸ್ವಿಚ್ ಯುಪಿಎಸ್‌ಗಿಂತ ಮುಂಚೆ ಬಂದರೆ ಬೆಂಕಿಯಲ್ಲೂ ಬ್ಯಾಟರಿ ವಾಲ್ವನ್ನು ತೆರೆದೇ ಇಟ್ಟಿರುತ್ತದೆ.

ವಾಲ್ವ್ ಎಲ್ಲಿ ಕೂರಬೇಕು? ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದ ಬ್ಯಾಂಕಿನ ಬಳಿ ಇದ್ದರೆ ಸಾಕು ಎಂದುಕೊಳ್ಳುವವರು ಪೈಪಿನಲ್ಲಿ ಉಳಿಯುವ ಗ್ಯಾಸ್ ಲೆಕ್ಕ ಹಾಕುವುದಿಲ್ಲ. ಒಂದು ಇಂಚಿನ ಪೈಪ್ ಮೀಟರಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. 1 ಬಾರ್ ಒತ್ತಡದಲ್ಲಿ 10 ಮೀಟರ್ ಪೈಪಿನಿಂದ ಸುಮಾರು 12 ಗ್ರಾಂ ಗ್ಯಾಸ್ ಹೊರಬರುತ್ತದೆ. ಗಂಟೆಗೆ 1 ಕೆಜಿ ಉರಿಸುವ ಭಟ್ಟಿಗೆ ಅದು ಮುಕ್ಕಾಲು ನಿಮಿಷದ ಉರಿ. 30 ಮೀಟರ್ ಆದರೆ ಎರಡು ನಿಮಿಷ ದಾಟುತ್ತದೆ. ಹಾಗಾಗಿ ಪೈಪ್ ಅಡುಗೆಮನೆಯೊಳಗೆ ನುಗ್ಗುವ ಗೋಡೆಯ ಹೊರಮೈಯಲ್ಲಿ, ಕೈಗೆ ಸಿಗುವಂತೆ, ಪೈಪ್ ಕವಲೊಡೆಯುವ ಎಲ್ಲ ಟೀ ಜಾಯಿಂಟ್‌ಗಳಿಗಿಂತ ಮುಂಚೆ ಕೂರಿಸಿ. ಗ್ಯಾಸ್ ವಾಲ್ವಿಗೆ ಬರುವ ಕಡೆ ಒಂದು ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಇರಲಿ, ಪೈಪಿನ ತುಕ್ಕು ವಾಲ್ವ್ ಒಳಗೆ ಮುಚ್ಚಳ ಕೂರುವ ಸೀಟಿನ ಮೇಲೆ ಕೂತರೆ ಮುಚ್ಚಿದ ವಾಲ್ವೂ ಸೋರುತ್ತದೆ. ಮೈಮೇಲಿನ ಬಾಣದ ಗುರುತು ಗ್ಯಾಸ್ ಹರಿಯುವ ದಿಕ್ಕಿಗೇ ಇರಬೇಕು. ಎಷ್ಟು ಒತ್ತಡಕ್ಕೆ ಮಾಡಿದ ವಾಲ್ವ್ ಎಂಬುದನ್ನೂ ನೋಡಿ. ಕಡಿಮೆ ಒತ್ತಡದ ಲೈನಿಗೆಂದು ಮಾಡಿದ್ದು ಹೈ ಪ್ರೆಶರ್ ಭಟ್ಟಿ ಲೈನಿಗೆ ಆಗದು.

ಮದುವೆ ಸೀಸನ್ನಿನಲ್ಲೋ ಜಾತ್ರೆಯ ಹೊತ್ತಿನಲ್ಲೋ ಹುಡ್ ಕೆಳಗೆ ಇನ್ನೊಂದು ಭಟ್ಟಿ ತಂದು, ಪಕ್ಕದಲ್ಲೇ 19 ಕೆಜಿ ಸಿಲಿಂಡರ್ ಇಟ್ಟು, ರಬ್ಬರ್ ಪೈಪ್ ಜೋಡಿಸುವುದುಂಟು. ಆ ಸಿಲಿಂಡರಿಗೆ ಯಾವ ಕಟ್-ಆಫೂ ಅನ್ವಯಿಸುವುದಿಲ್ಲ. ಹೆಚ್ಚುವರಿ ಭಟ್ಟಿ ಬೇಕೇ ಬೇಕೆಂದರೆ ವಾಲ್ವ್ ದಾಟಿದ ಲೈನಿನಿಂದಲೇ ಒಂದು ಪಾಯಿಂಟ್ ಕೊಡಿಸಿ, ಮೇಲೆ ನಾಜಲ್ ಇರುವುದನ್ನೂ ನೋಡಿಕೊಳ್ಳಿ.

ಬಿಸಿಲಿನ ವಿಷಯ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವ ರಾಯಚೂರಿನಲ್ಲಿ, ತಗಡಿನ ಸೂರಿನ ಕೆಳಗೆ, ಭಟ್ಟಿಯ ನೇರ ಮೇಲೆ 74 ಡಿಗ್ರಿಯ ಲಿಂಕ್ ಹಾಕಿದರೆ ಬೆಂಕಿಯಿಲ್ಲದೆಯೇ ಟ್ಯಾಂಕ್ ಸುರಿಯುವ ಸಂಭವವಿದೆ. ಒಮ್ಮೆ ಹಾಗಾದರೆ ಮಾಲೀಕರು ಲಿಂಕಿನ ಜಾಗಕ್ಕೆ ಬೈಂಡಿಂಗ್ ವೈರ್ ಕಟ್ಟಿಸಿಬಿಡುತ್ತಾರೆ. ಬೇಸಿಗೆಯಲ್ಲಿ, ಎಲ್ಲ ಒಲೆ ಉರಿಯುವಾಗ, ಲಿಂಕ್ ಇರುವ ಜಾಗದ ತಾಪ ಅಳೆದು, ಅದಕ್ಕಿಂತ ಸಾಕಷ್ಟು ಮೇಲಿನದನ್ನು ಆರಿಸಿ. 138, 182, 232 ಡಿಗ್ರಿಯವೂ ಸಿಗುತ್ತವೆ. ಎಣ್ಣೆ ಜಿಡ್ಡಿಗೆ ಬಳ್ಳಾರಿಯ ಕೆಂಧೂಳು ಅಂಟಿ ಗಟ್ಟಿಯಾದರೆ ಲಿಂಕಿಗೆ ಬಿಸಿ ತಟ್ಟುವುದೇ ತಡವಾಗುತ್ತದೆ. ಆರು ತಿಂಗಳಿಗೊಮ್ಮೆ ಬದಲಾಯಿಸಿ. ತೊಳೆದು ಮತ್ತೆ ಹಾಕುವುದು ಬೇಡ. ಕೇಬಲ್ ತಿರುಗುವ ಮೂಲೆಯ ಪುಲ್ಲಿಗಳಲ್ಲೂ ಇದೇ ಜಿಡ್ಡು ಕೂತು ಕೇಬಲ್ ಕಚ್ಚಿಕೊಳ್ಳುತ್ತದೆ.

ಸರ್ವೀಸ್‌ಗೆ ಬಂದವರು ಟ್ಯಾಂಕಿನ ಗೇಜ್ ನೋಡಿ ಸಹಿ ಹಾಕಿದರೆ ಒಪ್ಪಬೇಡಿ, ಗ್ಯಾಸ್ ನಿಲ್ಲುವುದನ್ನು ಕಣ್ಣಾರೆ ನೋಡಿ. ಮೊದಲು ಕಂಟ್ರೋಲ್ ಬಾಕ್ಸ್‌ನಿಂದ ಕಾರ್ಟ್ರಿಜ್, ಅಂದರೆ ದ್ರಾವಣ ಸುರಿಯುವಂತೆ ಮಾಡುವ ಒತ್ತಡದ ಗ್ಯಾಸಿನ ಸಣ್ಣ ಡಬ್ಬಿ, ಬಿಚ್ಚಿಡಬೇಕು, ಆಗ ದ್ರಾವಣ ಸುರಿಯುವುದಿಲ್ಲ. ವಾಲ್ವಿನಿಂದ ಅತಿ ದೂರದ ಒಲೆ ಹಚ್ಚಿ. ಕೊನೆಯ ಲಿಂಕಿನ ಜಾಗದಲ್ಲಿ ಟೆಸ್ಟ್ ಲಿಂಕ್ ಹಾಕಿ ಕತ್ತರಿಸಿ. ವಾಲ್ವ್ ಆ ಕ್ಷಣ ಮುಚ್ಚಬೇಕು, ಒಲೆ ಎಷ್ಟು ಸೆಕೆಂಡಿಗೆ ಆರಿತು ಬರೆದಿಡಿ. ಮುಂದಿನ ಸಲ ಹೆಚ್ಚಾದರೆ ಸೀಟ್ ಸೋರುತ್ತಿರಬಹುದು. ಹೊರಗಿನ ಗಾಳಿ ತರುವ ಫ್ಯಾನ್ ನಿಲ್ಲಬೇಕು, ಹೊಗೆ ಎಳೆಯುವ ಫ್ಯಾನ್ ಓಡುತ್ತಿರಬೇಕು. ವ್ಯವಸ್ಥೆಯನ್ನು ಕೈಯಿಂದ ಚಾಲೂ ಮಾಡಲು ಎಳೆಯುವ ಹಿಡಿಯನ್ನೂ ಬೇರೆಯಾಗಿ ಪರೀಕ್ಷಿಸಿ. ಸೊಲೆನಾಯ್ಡ್ ಆದರೆ ಒಲೆಗಳ ನಾಬ್ ಎಲ್ಲ ಮುಚ್ಚಿ, ಅದರ ಸರ್ಕ್ಯೂಟಿನ ಕರೆಂಟ್ ಕಡಿದು ಮತ್ತೆ ಕೊಡಿ. ಬಟನ್ ಒತ್ತದೆ ವಾಲ್ವ್ ತೆರೆದುಕೊಂಡರೆ ರಿಲೇ ಬದಲಾಯಿಸದೆ ಅಡುಗೆ ಶುರು ಮಾಡಬೇಡಿ.

ಮತ್ತೆ ತೆರೆಯುವಾಗ ಪೈಲಟ್ (ಸದಾ ಉರಿಯುವ ಸಣ್ಣ ಜ್ವಾಲೆ) ಸೇರಿ ಎಲ್ಲ ನಾಬ್ ಮುಚ್ಚಿರುವುದನ್ನು ಮುಟ್ಟಿ ನೋಡಿ. ಹೊಸ ಲಿಂಕ್ ಹಾಕಿ, ಕೇಬಲ್ ಬಿಗಿದು, ಬಾಕ್ಸ್ ಮತ್ತೆ ಚಾಲೂ ಆಗಲು ಸಜ್ಜು (ಕಾಕ್) ಮಾಡಿ, ಅಲ್ಲಾಡದಂತೆ ಲಾಕ್ ಪಿನ್ ಹಾಕಿ, ವಾಲ್ವ್ ರೀಸೆಟ್ ಮಾಡಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ. ತೂಕ ನೋಡಿದ ಕಾರ್ಟ್ರಿಜ್ ಕೊನೆಗೆ. ಕಾರ್ಟ್ರಿಜ್ ಕೂತ ಮೇಲೆ ಪಿನ್ ತೆಗೆಯಬೇಕು. ಅದು ಒಳಗೇ ಉಳಿದರೆ ಲಿಂಕ್ ಕರಗಿದರೂ ಏನೂ ಅಲ್ಲಾಡುವುದಿಲ್ಲ, ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಚ್ಚಳ ಹಾಕುವ ಮುಂಚೆ ಪಿನ್ ಇಲ್ಲದ ಬಾಕ್ಸಿನ ಒಂದು ಫೋಟೊ ತೆಗೆಸಿ, ದಿನಾಂಕದೊಂದಿಗೆ ಸರ್ವೀಸ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.