ಮೂರು ಗಂಟೆಗೆ ಕೂಗುವ ಡಬ್ಬಿ

ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಆರು ದಿನ ಸುತ್ತಿ ಬಂದೆವು. ನೋಡಿದ ಕೆರೆ, ಕಾಡುಗಳಿಗಿಂತ ಜಾಸ್ತಿ ನೆನಪಿರುವುದು ನೆಲದಿಂದ ಒಂದು ಗೇಣು ಎತ್ತರದಲ್ಲಿ ಗೋಡೆಗೆ ಕೂತಿದ್ದ ಬಿಳಿ ಡಬ್ಬಿ. ಗ್ಯಾಸ್ ಸೋರಿದರೆ ಕೂಗುವ ಗ್ಯಾಸ್ ಡಿಟೆಕ್ಟರ್. ನಮ್ಮ ಒಲೆ, ಹೀಟರಿನ ಗ್ಯಾಸಾದ ಪ್ರೋಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ಕೆಳಗೇ ಸೇರುತ್ತದೆ. ಅದಕ್ಕೇ ಡಬ್ಬಿಯೂ ಕೆಳಗೆ.

ಮೊದಲ ರಾತ್ರಿ ಕೆರೆ ದಡದಲ್ಲಿ ವಿಪರೀತ ಚಳಿ. ಹೀಟರ್ ಹಾಕಿ ಮಲಗಿದ್ದೆವು. ಮೂರು ಗಂಟೆಗೆ ಡಬ್ಬಿ ಅರಚಿಕೊಂಡಿತು. ನಾನು ಟಾರ್ಚ್ ಹುಡುಕುತ್ತಿದ್ದರೆ ಹೆಂಡತಿ, "ರೀ, ಮೊದಲು ಆಚೆ ನಡೀರಿ" ಎಂದಳು. ಅವಳು ಹೇಳಿದ್ದೇ ಸರಿ. ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ತೆರೆದಿಟ್ಟು ಹೊರಗೆ ಬಂದೆವು. ಸಿಲಿಂಡರಿನ ವಾಲ್ವ್ ಮುಚ್ಚಿ, ಉಳಿದ ರಾತ್ರಿಯನ್ನು ಕಾರಿನಲ್ಲಿ ಕಳೆದೆವು.

ಬೆಳಿಗ್ಗೆ ವಾಲ್ವ್ ತೆರೆದು ರೆಗ್ಯುಲೇಟರ್, ಪೈಪು, ಒಲೆಯ ಹಿಂದಿನ ಜಾಯಿಂಟು, ಎಲ್ಲಕ್ಕೂ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚಿದೆ. ಸೋರುತ್ತಿದ್ದರೆ ಗುಳ್ಳೆ ಉಬ್ಬುತ್ತದೆ. ಮಂಡಿಯೂರಿ ಕಾದರೂ ಒಂದೂ ಏಳಲಿಲ್ಲ. ಇದನ್ನು ಮಾಡುವವರೆಗೆ 'ಸುಳ್ಳು ಅಲಾರಂ' ಎಂಬ ಮಾತನ್ನು ಯಾರೂ ಆಡಬಾರದು ಅನ್ನುವುದು ನನ್ನ ಪಾಲಿಸಿ.

ಎರಡನೇ ಸಂಜೆ, ಕಾಡಿನ ಅಂಚಿನಲ್ಲಿ, ಮತ್ತೆ ಕೂಗು. "ಅಪ್ಪಾ, ನಾನೇನೂ ಮಾಡಿಲ್ಲ!" ಎಂದಳು ಮಗಳು. ಕೈಯಲ್ಲಿ ಹೇರ್ ಸ್ಪ್ರೇ ಡಬ್ಬ. ಇಂಥ ಎಷ್ಟೋ ಸ್ಪ್ರೇಗಳನ್ನು ಹೊರಗೆ ತಳ್ಳುವುದೇ ಪ್ರೋಪೇನ್, ಬ್ಯೂಟೇನ್. ಡಬ್ಬಿಗೆ ಸ್ಪ್ರೇ, ಸೋರಿಕೆ ಎರಡೂ ಒಂದೇ. ಅಬ್ಬಾ, ಕಳ್ಳ ಸಿಕ್ಕ ಅಂದುಕೊಂಡೆ. ರಾತ್ರಿ ಮೂರಕ್ಕೆ ಸರಿಯಾಗಿ ಮತ್ತೆ ಕಾರಿನಲ್ಲಿದ್ದೆವು.

ಸುಮ್ನೆ ಕೂತು ಯೋಚಿಸಿದಾಗ ಹೊಳೆಯಿತು. ಸ್ಪ್ರೇಯ ಕೂಗನ್ನು ಬಿಟ್ಟರೆ, ಎರಡೂ ಸಲ ನಡುರಾತ್ರಿ ದಾಟಿದ ಮೇಲೇ, ಎರಡೂ ಸಲ ಹೀಟರ್ ಓಡುತ್ತಿದ್ದಾಗಲೇ ಕೂಗಿದೆ. ಹೀಟರಿನ ಉರಿ ಗ್ಯಾಸಿನದು, ಆದರೆ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ. ಡಬ್ಬಿಗೂ ಅದೇ ಬ್ಯಾಟರಿ. ಮೂರನೇ ರಾತ್ರಿ ಎರಡೂವರೆಗೇ ಎದ್ದು ಮಲ್ಟಿಮೀಟರ್ ಹಚ್ಚಿದೆ. ಸಂಜೆ 12.6 ವೋಲ್ಟ್ ಇದ್ದದ್ದು 10.8ಕ್ಕೆ ಬಂದು ಕೂತಿತ್ತು! ವೋಲ್ಟೇಜ್ ಇಷ್ಟು ಬಿದ್ದರೆ ಕೆಲವು ಡಿಟೆಕ್ಟರ್‌ಗಳು ತಲೆಕೆಟ್ಟವರಂತೆ ಆಡುತ್ತವೆ.

ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಬಿಡುವ ಹೈಡ್ರೋಜನ್ನಿಗೂ ಇವು ಕೂಗುವುದುಂಟು. ನಮ್ಮ ಬ್ಯಾಟರಿ ಹೊರಗೆ, ಮುಂಭಾಗದ ಪೆಟ್ಟಿಗೆಯಲ್ಲಿತ್ತು. ಹಾಗಾಗಿ ಅದನ್ನು ಬಿಟ್ಟೆ.

ಸ್ಕ್ರೂ ಬಿಚ್ಚಿ ಡಬ್ಬಿಯ ಬೆನ್ನು ನೋಡಿದರೆ ತಯಾರಾಗಿ ಒಂಬತ್ತು ವರ್ಷ! ಇವುಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಇಷ್ಟು ವರ್ಷ ಟೈರ್ ನೋಡಿದ್ದೆ, ಬ್ರೇಕ್ ನೋಡಿದ್ದೆ, ಇದರ ಬೆನ್ನು ನೋಡಿರಲಿಲ್ಲ.

ದಾರಿಯಲ್ಲಿ ಸಿಕ್ಕ ಪೇಟೆಯಲ್ಲಿ ಡಿಟೆಕ್ಟರ್, ಬ್ಯಾಟರಿ ಎರಡನ್ನೂ ಬದಲಿಸಿದೆ. ಹಾಗಾಗಿ ತಪ್ಪು ಯಾರದಿತ್ತೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಕೊನೆಯ ರಾತ್ರಿ ಮೂರಕ್ಕೆ ಅಭ್ಯಾಸಬಲದಿಂದ ಎಚ್ಚರವಾಯಿತು. ಹಸಿರು ದೀಪ, ಪೂರ್ತಿ ಮೌನ. ಕೆಲಸ ಮಾಡುತ್ತಿದೆ ತಾನೇ ಎಂದು ಅನುಮಾನ ಬಂದು ಟೆಸ್ಟ್ ಬಟನ್ ಒತ್ತಿದೆ. ಆಮೇಲೆ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.